ಹಂಪಿಯಷ್ಟೇ ಸಾಕು, ಇಡೀ ದಕ್ಷಿಣ ಭಾರತ ಬೇಡ: ನಕ್ಷೆಯ ಡೇಟಾವನ್ನು ಕೋಡ್ ಬರೆದು ಆಯತಕ್ಕೆ ಕತ್ತರಿಸುವುದು ಹೇಗೆ?

ನಕ್ಷೆ ಕೆಲಸ ಕಲಿಯುತ್ತಿರುವವರು ನನ್ನನ್ನು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳು ಎರಡೇ. "ನಾಲ್ಕು ಅಂಚು ಕೊಟ್ಟೇ ಡೇಟಾ ಓದಿಸಿದೆ, ಆದ್ರೂ ನದಿ ಚೌಕಟ್ಟು ದಾಟಿ ಎಲ್ಲೆಲ್ಲೋ ಹೋಗಿದೆ, ಯಾಕೆ?" ಅನ್ನುವುದು ಒಂದು. "ಕೋಡ್ ಓಡ್ತು, ಎರರ್ ಏನೂ ಬರಲಿಲ್ಲ, ಆದ್ರೆ ಫೈಲ್ ಖಾಲಿ" ಅನ್ನುವುದು ಇನ್ನೊಂದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕುತ್ತಿದ್ದೇನೆ.

ಉದಾಹರಣೆಗೆ ಹಂಪಿಯನ್ನು ತೆಗೆದುಕೊಳ್ಳೋಣ. ಇದಕ್ಕೊಂದು ಕಾರಣ ಇದೆ. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ. ತುಂಗಭದ್ರೆ ದಾಟಿದರೆ ಆನೆಗೊಂದಿ, ಅದು ಕೊಪ್ಪಳ ಜಿಲ್ಲೆ. ಜಿಲ್ಲೆಯ ಗಡಿ ಇಟ್ಟುಕೊಂಡು ಡೇಟಾ ತೆಗೆದರೆ ಹೊಳೆಯ ಒಂದು ದಡ ಮಾತ್ರ ಸಿಗುತ್ತದೆ. ಎರಡೂ ದಡ ಬೇಕು ಅಂದರೆ ಗಡಿಯ ಗೊಡವೆ ಬಿಟ್ಟು, ಸುಮ್ನೆ ಒಂದು ಆಯತ ಎಳೆದು ಅದರೊಳಗೆ ಬಂದದ್ದನ್ನೆಲ್ಲ ತೆಗೆದುಕೊಳ್ಳುವುದೇ ಸುಲಭ.

ಶುರು ಮಾಡುವ ಮೊದಲು ಒಂದೆರಡು ಪದ. ವೆಕ್ಟರ್ ಡೇಟಾ ಅಂದರೆ ಬಿಂದು, ಗೆರೆ, ಪಾಲಿಗನ್‌ಗಳಾಗಿ ಇಟ್ಟಿರುವ ನಕ್ಷೆ. ದೇವಸ್ಥಾನ ಒಂದು ಬಿಂದು, ರಸ್ತೆ ಒಂದು ಗೆರೆ, ಕೆರೆ ಒಂದು ಪಾಲಿಗನ್, ಅಂದರೆ ಸುತ್ತ ಮುಚ್ಚಿಕೊಂಡ ಆಕಾರ. ಉಪಗ್ರಹ ಚಿತ್ರದಂಥ ಪಿಕ್ಸೆಲ್ ಡೇಟಾ ಇದಲ್ಲ, ಅದನ್ನು ಕತ್ತರಿಸುವ ದಾರಿಯೇ ಬೇರೆ. ಬಿಬಾಕ್ಸ್ ಅಂದರೆ ನಮ್ಮ ಆಯತ. ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ ಅಂತ ನಾಲ್ಕು ಅಂಚುಗಳ ನಾಲ್ಕು ಸಂಖ್ಯೆ, ಅಷ್ಟೇ.

ಈಗ ಇಡೀ ಲೇಖನದ ಕೀಲಿ. ಆಯತ ಕೊಟ್ಟು ಡೇಟಾವನ್ನು ಆರಿಸುವುದು ಬೇರೆ, ಆಯತಕ್ಕೆ ಸರಿಯಾಗಿ ಕತ್ತರಿಸುವುದು ಬೇರೆ. ಆರಿಸುವುದು ಜರಡಿಯ ಕೆಲಸ. ಆಯತಕ್ಕೆ ಒಂಚೂರು ತಾಗಿದರೂ ಸಾಕು, ಆ ವಸ್ತು ಇಡಿಯಾಗಿ ಬರುತ್ತದೆ. ಕತ್ತರಿಸುವುದು ಈಳಿಗೆಮಣೆಯ ಕೆಲಸ. ಒಳಗಿನ ಭಾಗ ಉಳಿಯುತ್ತದೆ, ಹೊರಗಿನದು ಬೀಳುತ್ತದೆ. ಮೊದಲ ಪ್ರಶ್ನೆ ಕೇಳುವವರೆಲ್ಲ ಜರಡಿ ಹಿಡಿದು ಈಳಿಗೆಯ ಫಲ ಕಾಯುತ್ತಿರುತ್ತಾರೆ.

ಏನೇನು ಬೇಕು?

ಪೈಥಾನ್ 3, ಅದರ ಜೊತೆ ವೆಕ್ಟರ್ ಡೇಟಾ ಓದಿ ಕತ್ತರಿಸಲು ಜಿಯೋಪಾಂಡಾಸ್ ಲೈಬ್ರರಿ. ಪಿಪ್ ಅಥವಾ ಕಾಂಡಾ (ಪೈಥಾನ್ ಲೈಬ್ರರಿಗಳನ್ನು ಇಳಿಸಿ ಹಾಕಿಕೊಡುವ ಸಾಧನಗಳು) ಮೂಲಕ ಹಾಕಿಕೊಂಡರೆ ಶೇಪ್ಲಿ, ಪೈಪ್ರೋಜ್ ಮುಂತಾದ ಸಂಗಾತಿಗಳು ತಾವಾಗಿಯೇ ಬರುತ್ತವೆ. ಶೇಪ್ಲಿ ಆಕಾರಗಳ ಲೆಕ್ಕ ಮಾಡುತ್ತದೆ, ಪೈಪ್ರೋಜ್ ಒಂದು ನಿರ್ದೇಶಾಂಕ ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುತ್ತದೆ. ಜಿಯೋಪಾಂಡಾಸ್‌ನ 1.0 ಆವೃತ್ತಿ 2024ರಲ್ಲಿ ಬಂತು. ಅದು ಅಥವಾ ಅದಕ್ಕಿಂತ ಹೊಸದು ಇರಲಿ. ಹಳೆಯ ಆವೃತ್ತಿ ಇದ್ದವರಿಗೆ ಮುಂದೆ ಹೇಳುವ ಕೆಲವು ಸಾಲುಗಳು ಓಡದೇ ಇರಬಹುದು.

ನೋಡಲು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಹಾಕಿಕೊಳ್ಳಿ. ಅದು ಉಚಿತ. ಕೋಡ್ ಏನು ಮಾಡಿತು ಅಂತ ಕಣ್ಣಾರೆ ನೋಡದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಡೇಟಾಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್, ಜನರೇ ಸೇರಿ ಕಟ್ಟುತ್ತಿರುವ ಮುಕ್ತ ನಕ್ಷೆ. ಜರ್ಮನಿಯ ಜಿಯೋಫ್ಯಾಬ್ರಿಕ್ ಸಂಸ್ಥೆ ಅದನ್ನು ಪ್ರದೇಶವಾರು ಪೊಟ್ಟಣ ಕಟ್ಟಿ ಕೊಡುತ್ತದೆ. ಭಾರತವನ್ನು ವಲಯಗಳಾಗಿ ಮಾಡಿದ್ದಾರೆ, ಕರ್ನಾಟಕ ದಕ್ಷಿಣ ವಲಯದಲ್ಲಿದೆ. ಶೇಪ್‌ಫೈಲ್ ಜಿಪ್ ಇಳಿಸಿ ಬಿಚ್ಚಿದರೆ ರಸ್ತೆ, ನೀರು, ಕಟ್ಟಡ, ಊರು ಎಲ್ಲ ಬೇರೆ ಬೇರೆ ಪದರಗಳಾಗಿ ಸಿಗುತ್ತವೆ. ಕೇರಳದ ಕಾಲುವೆಯಿಂದ ತೆಲಂಗಾಣದ ಕೆರೆಯವರೆಗೆ ಎಲ್ಲ ಅದರಲ್ಲಿದೆ, ನಮಗೆ ಬೇಕಾದ್ದು ಅಂಗೈಯಗಲ. ಒಂದು ಎಚ್ಚರಿಕೆ: ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ, ಒಂದೇ ಹೆಸರಿನ ನಾಲ್ಕೈದು ಫೈಲ್‌ಗಳ ಗುಂಪು. ಎಸ್‌ಎಚ್‌ಪಿ ಅಂತ ಕೊನೆಯಾಗುವ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬೇಡಿ. ಗುಂಪು ಒಡೆದರೆ ಅದು ತೆರೆಯುವುದಿಲ್ಲ, ತೆರೆದರೂ ಹೆಸರುಗಳು ಇರುವುದಿಲ್ಲ.

ಕೆಳಗಿನ ಕೋಡ್ ಸಾಲುಗಳಲ್ಲಿ ಪೈಥಾನ್ ಪದಗಳನ್ನು ಉಚ್ಚರಿಸುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಫಂಕ್ಷನ್ ಹೆಸರು ಮತ್ತು ಫೈಲ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ವೇರಿಯಬಲ್ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು, ಪೈಥಾನ್ 3 ಅದನ್ನು ಒಪ್ಪುತ್ತದೆ. ಆದರೆ ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಬಳಸುವ ಕಣ್ಣಿಗೆ ಕಾಣದ ಅಕ್ಷರ ಇದೆಯಲ್ಲ ('ಫೈಲ್‌ಗಳು' ಅನ್ನುವಾಗ ಲ್ ಮತ್ತು ಗ ಬೇರೆಯಾಗಿ ಕಾಣಲು ನಡುವೆ ಬರುವುದು), ಅದು ವೇರಿಯಬಲ್ ಹೆಸರಿನಲ್ಲಿದ್ದರೆ ಪೈಥಾನ್ ಎರರ್ ಕೊಡುತ್ತದೆ. ಕಾಣದ ಅಕ್ಷರದ ಎರರ್ ಹುಡುಕುವುದು ಎಷ್ಟು ತಲೆನೋವು ಅಂತ ಕೇಳಬೇಡಿ!

1. ಆಯತ ಎಳೆಯಿರಿ

ನಮ್ಮ ಆಯತ ಇದು:

ಪೆಟ್ಟಿಗೆ = (76.42, 15.30, 76.52, 15.37)

ಕ್ರಮ ನೋಡಿಕೊಳ್ಳಿ. ಪಶ್ಚಿಮದ ರೇಖಾಂಶ, ದಕ್ಷಿಣದ ಅಕ್ಷಾಂಶ, ಪೂರ್ವದ ರೇಖಾಂಶ, ಉತ್ತರದ ಅಕ್ಷಾಂಶ. ವಿರೂಪಾಕ್ಷ, ವಿಠ್ಠಲ ದೇವಸ್ಥಾನಗಳು, ನಡುವೆ ಹರಿಯುವ ಹೊಳೆ, ಆಚೆಯ ಆನೆಗೊಂದಿ ಎಲ್ಲ ಇದರೊಳಗೆ ಬರುತ್ತವೆ. ಹೊಸಪೇಟೆ ಊರು ಹೊರಗೆ ಉಳಿಯುತ್ತದೆ.

ಇಲ್ಲೇ ಜಾಸ್ತಿ ಜನ ಜಾರುವುದು. ಫೋನಿನ ಮ್ಯಾಪಿನಲ್ಲಿ ಒಂದು ಜಾಗ ಒತ್ತಿ ಹಿಡಿದರೆ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ ತೋರಿಸುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಅಂಟಿಸಿದರೆ 15.30 ರೇಖಾಂಶದ ಜಾಗಕ್ಕೂ 76.42 ಅಕ್ಷಾಂಶದ ಜಾಗಕ್ಕೂ ಹೋಗಿ ಕೂರುತ್ತವೆ. ಆಗ ನಿಮ್ಮ ಹಂಪಿ ಎಲ್ಲಿರುತ್ತದೆ ಗೊತ್ತಾ? ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಆರ್ಕ್ಟಿಕ್ ಸಮುದ್ರದಲ್ಲಿ! ಕೋಡ್‌ಗೆ ಅದು ತಪ್ಪು ಅನಿಸುವುದಿಲ್ಲ. ಆ ಜಾಗವೂ ಭೂಮಿಯ ಮೇಲೇ ಇದೆ, ಅಲ್ವಾ? ದಕ್ಷಿಣ ಭಾರತದ ಡೇಟಾದಲ್ಲಿ ಅಲ್ಲಿ ಏನೂ ಇಲ್ಲ, ಹಾಗಾಗಿ ಖಾಲಿ ಫೈಲ್ ಕೊಟ್ಟು ಸುಮ್ಮನಾಗುತ್ತದೆ.

ಇನ್ನೊಂದು ಗೊಂದಲ ಇದೆ. ಓಪನ್‌ಸ್ಟ್ರೀಟ್‌ಮ್ಯಾಪಿನಿಂದಲೇ ನೇರವಾಗಿ ಡೇಟಾ ಕೇಳುವ ಓವರ್‌ಪಾಸ್ ಎಂಬ ಸೇವೆಯಲ್ಲಿ ಕ್ರಮ ಬೇರೆ: ದಕ್ಷಿಣ, ಪಶ್ಚಿಮ, ಉತ್ತರ, ಪೂರ್ವ. ಅಲ್ಲಿಂದ ಇಲ್ಲಿಗೆ ಸಂಖ್ಯೆ ತಂದರೆ ಜಾಗ ಬದಲಿಸಿಕೊಳ್ಳಿ. ಕರ್ನಾಟಕದ ಮಟ್ಟಿಗೆ ಗುರುತು ಸುಲಭ. ರೇಖಾಂಶ 74ರಿಂದ 78ರ ಆಸುಪಾಸು, ಅಕ್ಷಾಂಶ 11ರಿಂದ 18ರ ಆಸುಪಾಸು. ಮೊದಲ ಸಂಖ್ಯೆ ಎಪ್ಪತ್ತರ ಮನೆಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿ.

ಆಯತ ಎಷ್ಟು ದೊಡ್ಡದು ಅಂತಲೂ ಒಮ್ಮೆ ಲೆಕ್ಕ ಹಾಕಿ. ಹಂಪಿಯ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಅಂದರೆ ಸುಮಾರು 107 ಕಿಲೋಮೀಟರ್, ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6. ಹಾಗಾಗಿ ನಮ್ಮದು ಅಗಲ 10.7, ಎತ್ತರ 7.7 ಕಿಲೋಮೀಟರ್, ಒಟ್ಟು ಹತ್ತಿರ ಹತ್ತಿರ 83 ಚದರ ಕಿಲೋಮೀಟರ್. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

2. ಡೇಟಾ ಯಾವ ಭಾಷೆಯಲ್ಲಿದೆ ನೋಡಿ

ಸಿಆರ್‌ಎಸ್ ಅಂದರೆ ನಿರ್ದೇಶಾಂಕ ಪದ್ಧತಿ, ಫೈಲ್‌ನಲ್ಲಿರುವ ಸಂಖ್ಯೆಗಳು ಭೂಮಿಯ ಮೇಲೆ ಎಲ್ಲಿ ಕೂರುತ್ತವೆ ಅಂತ ಹೇಳುವ ಒಪ್ಪಂದ. ಪ್ರತಿಯೊಂದಕ್ಕೂ ಒಂದು ಇಪಿಎಸ್‌ಜಿ ನಂಬರ್ ಇರುತ್ತದೆ. ಜಿಪಿಎಸ್ ಕೊಡುವ ಡಿಗ್ರಿಗಳದ್ದು 4326. ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಹಂಪಿ ಇರುವುದು 43 ಉತ್ತರ ವಲಯದಲ್ಲಿ, ಅದರ ನಂಬರ್ 32643.

ಇಡೀ ಫೈಲ್ ಓದಿಸಬೇಡಿ, ಐದು ಸಾಲು ಸಾಕು ('ನೀರು' ಅಂತಿರುವ ಕಡೆ ನೀವು ಇಳಿಸಿದ ನೀರಿನ ಪದರದ ಫೈಲ್ ಹೆಸರು ಹಾಕಿ):

ಚೂರು = ಜಿಪಿಡಿ.ರೀಡ್_ಫೈಲ್("ನೀರು.ಎಸ್‌ಎಚ್‌ಪಿ", ರೋಸ್=5)
ಪ್ರಿಂಟ್(ಚೂರು.ಸಿಆರ್‌ಎಸ್, ಚೂರು.ಟೋಟಲ್_ಬೌಂಡ್ಸ್)

ಜಿಪಿಡಿ ಅನ್ನುವುದು ಜಿಯೋಪಾಂಡಾಸ್‌ಗೆ ಎಲ್ಲರೂ ಇಟ್ಟುಕೊಳ್ಳುವ ಅಡ್ಡಹೆಸರು, ಇಂಪೋರ್ಟ್ ಮಾಡುವಾಗಲೇ ಕೊಟ್ಟುಬಿಡಿ. ಬೌಂಡ್ಸ್‌ನಲ್ಲಿ 76, 77, 15, 13 ಥರದ ಸಂಖ್ಯೆ ಬಂದರೆ ಅದು ಡಿಗ್ರಿ. ಆರು ಲಕ್ಷ, ಹದಿನಾರು ಲಕ್ಷದಂಥ ಸಂಖ್ಯೆ ಬಂದರೆ ಅದು ಮೀಟರ್. ವಿರೂಪಾಕ್ಷ ದೇವಸ್ಥಾನ ಯುಟಿಎಂನಲ್ಲಿ ಪೂರ್ವಕ್ಕೆ ಸುಮಾರು 6,57,000, ಉತ್ತರಕ್ಕೆ ಸುಮಾರು 16,96,000 ಮೀಟರಿನಲ್ಲಿ ಇರುತ್ತದೆ. ಅಂಥ ಫೈಲ್‌ಗೆ ಡಿಗ್ರಿಯ ಆಯತ ಕೊಟ್ಟರೆ ಮತ್ತೆ ಖಾಲಿಯೇ. ನಾಲ್ಕು ಬರಿ ಸಂಖ್ಯೆಗಳ ಮೇಲೆ ಯಾವ ಪದ್ಧತಿ ಅಂತ ಬರೆದಿರುವುದಿಲ್ಲ, ಹಾಗಾಗಿ ಲೈಬ್ರರಿ ಎಚ್ಚರಿಸುವುದಕ್ಕೂ ಆಗುವುದಿಲ್ಲ.

ಸಿಆರ್‌ಎಸ್ ಹೊಂದದಿದ್ದರೆ ಎರಡು ಫಂಕ್ಷನ್ ಕಾಣುತ್ತವೆ, ಹೆಸರು ಒಂದೇ ಥರ, ಕೆಲಸ ಪೂರ್ತಿ ಬೇರೆ. ಸೆಟ್_ಸಿಆರ್‌ಎಸ್ ಚೀಟಿ ಅಂಟಿಸುತ್ತದೆ, ಸಂಖ್ಯೆ ಮುಟ್ಟುವುದಿಲ್ಲ. ಟು_ಸಿಆರ್‌ಎಸ್ ಸಂಖ್ಯೆಗಳನ್ನೇ ಬದಲಿಸುತ್ತದೆ. ಕಡಲೆಬೇಳೆ ಡಬ್ಬಕ್ಕೆ ತೊಗರಿಬೇಳೆ ಅಂತ ಚೀಟಿ ಅಂಟಿಸಿದರೆ ಸಾರು ಆಗುತ್ತಾ? ಫೈಲ್‌ನಲ್ಲಿ ಸಿಆರ್‌ಎಸ್ ಬರೆದೇ ಇಲ್ಲ, ಆದರೆ ನಿಮಗೆ ಖಚಿತವಾಗಿ ಗೊತ್ತು ಅಂದಾಗ ಮಾತ್ರ ಸೆಟ್. ಬಾಕಿ ಎಲ್ಲ ಕಡೆ ಟು.

3. ಮೊದಲು ಜರಡಿ

ಹತ್ತಿರದ್ದು = ಜಿಪಿಡಿ.ರೀಡ್_ಫೈಲ್("ನೀರು.ಎಸ್‌ಎಚ್‌ಪಿ", ಬಿಬಾಕ್ಸ್=ಪೆಟ್ಟಿಗೆ)

ಇದು ಆಯತಕ್ಕೆ ತಾಗುವ ವಸ್ತುಗಳನ್ನು ಮಾತ್ರ ಮೆಮೊರಿಗೆ ತರುತ್ತದೆ. ಇಡೀ ವಲಯದ ನೀರಿನ ಪದರ ಓದಿ ಆಮೇಲೆ ಕತ್ತರಿಸಲು ಹೋದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಜರಡಿ ಹಿಡಿದರೆ ಬೇಗ ಮುಗಿಯುತ್ತದೆ. ಜಿಯೋಪ್ಯಾಕೇಜ್ ಥರದ ಫೈಲ್‌ನಲ್ಲಿ ಒಳಗೇ ಒಂದು ಜಾಗದ ಸೂಚಿ ಇರುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಹಾಗಾಗಿ ಅಲ್ಲಿ ಇನ್ನೂ ಬೇಗ. ಜಿಯೋಜೇಸನ್ ಅನ್ನುವ ಇನ್ನೊಂದು ಬಗೆಯ ಫೈಲ್‌ನಲ್ಲಿ ಅಂಥದ್ದಿಲ್ಲ, ಮೊದಲಿಂದ ಕೊನೆವರೆಗೆ ಓದಲೇಬೇಕು.

ಈಗಾಗಲೇ ಮೆಮೊರಿಯಲ್ಲಿರುವ ಡೇಟಾಕ್ಕೆ ಸಿಎಕ್ಸ್ ಅನ್ನುವ ಅನುಕೂಲ ಇದೆ. ಹೆಸರಿನ ಮುಂದೆ ಚುಕ್ಕಿ ಇಟ್ಟು ಸಿಎಕ್ಸ್ ಬರೆದು, ಚೌಕ ಆವರಣದಲ್ಲಿ 76.42:76.52, 15.30:15.37 ಅಂತ ಕೊಡಿ. ಅದೂ ಜರಡಿಯೇ, ಈಳಿಗೆ ಅಲ್ಲ. ಇದನ್ನೇ ಕ್ಲಿಪ್, ಅಂದರೆ ಕತ್ತರಿಸುವುದು, ಅಂದುಕೊಂಡವರು ಬಹಳ ಜನ.

ಈ ಹಂತದಲ್ಲಿ ಬಂದದ್ದನ್ನು ಕ್ಯೂಜಿಐಎಸ್‌ನಲ್ಲಿ ಒಮ್ಮೆ ತೆರೆದು ನೋಡಿ. ಹೊಳೆಯ ಗೆರೆಗಳು ಆಯತದ ಎರಡೂ ಕಡೆಯಿಂದ ಉದ್ದಕ್ಕೆ ಹೊರಗೆ ಚಾಚಿಕೊಂಡಿರುತ್ತವೆ. ಮೊದಲ ಪ್ರಶ್ನೆಗೆ ಉತ್ತರ ಕಣ್ಣ ಮುಂದೆಯೇ ಬಂತು.

4. ಆಮೇಲೆ ಈಳಿಗೆ

ಕತ್ತರಿಸುವ ಮೊದಲು ಆಕಾರಗಳ ಆರೋಗ್ಯ ನೋಡಿಕೊಳ್ಳಿ. ಕೈಯಿಂದ ಎಳೆದ ಪಾಲಿಗನ್‌ಗಳಲ್ಲಿ ಅಂಚು ತನ್ನನ್ನು ತಾನೇ ದಾಟಿ 8ರ ಆಕಾರ ಆಗಿರುವುದುಂಟು. ಒಳಗೆ ಯಾವುದು, ಹೊರಗೆ ಯಾವುದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಇಂಥದ್ದಕ್ಕೆ ಇನ್‌ವ್ಯಾಲಿಡ್ ಆಕಾರ ಅಂತಾರೆ. ಸರಿಪಡಿಸಲು:

ಹತ್ತಿರದ್ದು["ಜಿಯಾಮೆಟ್ರಿ"] = ಹತ್ತಿರದ್ದು.ಜಿಯಾಮೆಟ್ರಿ.ಮೇಕ್_ವ್ಯಾಲಿಡ್()

ಹಳೆಯ ಪಾಠಗಳಲ್ಲಿ ಇದಕ್ಕೆ 'ಬಫರ್ ಸೊನ್ನೆ' ಅನ್ನುವ ಉಪಾಯ ಹೇಳಿರುತ್ತಾರೆ. ಬೇಡ. 8ರ ಆಕಾರದಲ್ಲಿ ಒಂದು ಸುತ್ತನ್ನು ಅದು ಸದ್ದಿಲ್ಲದೆ ನುಂಗಿಬಿಡಬಹುದು.

ಈಗ ಕತ್ತರಿಸುವ ಸಾಲು:

ತುಂಡು = ಜಿಪಿಡಿ.ಕ್ಲಿಪ್(ಹತ್ತಿರದ್ದು, ಪೆಟ್ಟಿಗೆ)

ಇಷ್ಟೇ. ಆದರೆ ಇಲ್ಲಿ ಒಂದು ಗುಟ್ಟಿದೆ. ಕ್ಲಿಪ್‌ಗೆ ನಾಲ್ಕು ಸಂಖ್ಯೆ ಕೊಟ್ಟರೆ ಅದು ಆಯತಕ್ಕೆಂದೇ ಇರುವ ವೇಗದ ದಾರಿ ಹಿಡಿಯುತ್ತದೆ. ಪಾಲಿಗನ್ ಕೊಟ್ಟರೆ ಯಾವ ಆಕಾರಕ್ಕೂ ಒಗ್ಗುವ ನಿಧಾನದ, ನಿಖರ ದಾರಿ ಹಿಡಿಯುತ್ತದೆ.

ಆಯತಕ್ಕೆ ಯಾಕೆ ಬೇರೆ ದಾರಿ? ಆಯತದ ಅಂಚುಗಳು ನೆಟ್ಟಗೆ ಇರುವುದರಿಂದ ಒಂದು ಬಿಂದು ಒಳಗಿದೆಯಾ ಅಂತ ನೋಡಲು ನಾಲ್ಕು ಹೋಲಿಕೆ ಸಾಕು. ಎಡಕ್ಕಿದೆಯಾ, ಬಲಕ್ಕಿದೆಯಾ, ಮೇಲಿದೆಯಾ, ಕೆಳಗಿದೆಯಾ. ಗೆರೆಗಳನ್ನು ಕತ್ತರಿಸುವ ಕೋಹೆನ್–ಸದರ್ಲ್ಯಾಂಡ್ ವಿಧಾನ 1960ರ ದಶಕದ್ದು, ಇದನ್ನೇ ಆಧಾರ ಮಾಡಿಕೊಂಡಿದೆ. ಆಯತದ ನಾಲ್ಕು ಅಂಚುಗಳನ್ನು ಉದ್ದಕ್ಕೆ ಎಳೆದರೆ ಬಯಲು ಒಂಬತ್ತು ಮನೆಗಳಾಗುತ್ತದೆ, ನಡುವಿನ ಮನೆಯೇ ನಮ್ಮ ಆಯತ. ಗೆರೆಯ ಎರಡೂ ತುದಿ ನಡುಮನೆಯಲ್ಲಿದ್ದರೆ ಇಡೀ ಗೆರೆ ಉಳಿಯುತ್ತದೆ. ಎರಡೂ ತುದಿ ಎಡಗಡೆಯ ಮನೆಗಳಲ್ಲೇ ಇದ್ದರೆ ಲೆಕ್ಕವೇ ಬೇಡ, ಎಸೆಯಬಹುದು. ಮಿಕ್ಕವುಗಳಿಗೆ ಮಾತ್ರ ಅಂಚು ಎಲ್ಲಿ ಕತ್ತರಿಸುತ್ತದೆ ಅಂತ ಹುಡುಕಬೇಕು. ಪಾಲಿಗನ್‌ಗಳಿಗೆ 1974ರ ಸದರ್ಲ್ಯಾಂಡ್–ಹಾಜ್‌ಮನ್ ವಿಧಾನ ಪ್ರಸಿದ್ಧ. ಎಡ ಅಂಚಿಗೆ ಒಮ್ಮೆ, ಬಲಕ್ಕೊಮ್ಮೆ, ಮೇಲೆ, ಕೆಳಗೆ, ಹೀಗೆ ನಾಲ್ಕು ಸಲ ಕತ್ತರಿಸುತ್ತದೆ. ನೀವೇ ಕೋಡ್ ಬರೆದು ಕಲಿಯಲು ಒಳ್ಳೆಯದು. ಆದರೆ ಅಂಕುಡೊಂಕಿನ ಪಾಲಿಗನ್ ಎರಡು ತುಂಡಾಗಬೇಕಾದಲ್ಲಿ, ಇದು ಆ ಎರಡನ್ನೂ ಆಯತದ ಅಂಚಿನ ಮೇಲೆ ಒಂದು ದಾರದಂಥ ಗೆರೆಯಿಂದ ಕಟ್ಟಿ ಒಂದೇ ಆಕಾರವಾಗಿ ಕೊಡುತ್ತದೆ. ಹೊಳೆಯಂಥ ಆಕಾರಕ್ಕೆ ಅದನ್ನು ಹಾಗೇ ಬಳಸಿದರೆ ಆಮೇಲೆ ಪರದಾಡುತ್ತೀರಿ.

ಜಿಯೋಪಾಂಡಾಸ್‌ನ ವೇಗದ ದಾರಿಗೂ ಒಂದು ಷರತ್ತಿದೆ. ಫಲಿತಾಂಶ ಯಾವಾಗಲೂ ವ್ಯಾಲಿಡ್ ಆಗಿರುತ್ತದೆ ಅನ್ನುವ ಭರವಸೆ ಇಲ್ಲ, ತೊಡಕಿದ್ದರೂ ಅದು ಎರರ್ ಕೊಡುವುದಿಲ್ಲ. ಪರದೆ ಮೇಲೆ ತೋರಿಸಲು ಸಾಕು. ವಿಸ್ತೀರ್ಣ, ಉದ್ದ ಅಂತ ಲೆಕ್ಕಕ್ಕೆ ಹೋಗುವ ಡೇಟಾ ಆದರೆ ನಾನು ನಿಧಾನದ ದಾರಿಯನ್ನೇ ಹಿಡಿಯುತ್ತೇನೆ:

ಆಯತ = ಶೇಪ್ಲಿ.ಬಾಕ್ಸ್(*ಪೆಟ್ಟಿಗೆ)
ತುಂಡು = ಜಿಪಿಡಿ.ಕ್ಲಿಪ್(ಹತ್ತಿರದ್ದು, ಆಯತ, ಕೀಪ್_ಜಿಯಾಮ್_ಟೈಪ್=ಟ್ರೂ)

ಹಂಪಿಯಷ್ಟು ಸಣ್ಣ ಜಾಗಕ್ಕೆ ವೇಗದ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಕೊನೆಯಲ್ಲಿ ಸೇರಿಸಿದ ಆ ಉದ್ದನೆಯ ಪದ ಯಾಕೆ ಅಂತ ಈಗ ನೋಡೋಣ.

5. ಅಂಚನ್ನು ಹತ್ತಿರದಿಂದ ನೋಡಿ

ಆಯತದ ನಡುವೆ ಏನೂ ತಪ್ಪುವುದಿಲ್ಲ. ತಪ್ಪುವುದೆಲ್ಲ ಅಂಚಿನಲ್ಲೇ. ಕ್ಯೂಜಿಐಎಸ್‌ನಲ್ಲಿ ಆಯತದ ಪೂರ್ವದ ಅಂಚಿಗೆ ಜೂಮ್ ಮಾಡಿ, ಮೇಲಿಂದ ಕೆಳಗೆ ನಿಧಾನವಾಗಿ ಬನ್ನಿ.

ಒಂದು ರಸ್ತೆ ಅಂಚಿಗೆ ಬರಿ ತಾಗಿ ಹಿಂದಕ್ಕೆ ತಿರುಗಿದ್ದರೆ ಕತ್ತರಿಸಿದ ಮೇಲೆ ಉಳಿಯುವುದು ಒಂದೇ ಒಂದು ಬಿಂದು. ರಸ್ತೆಗಳ ಪದರದಲ್ಲಿ ಬಿಂದು! ಪಾಲಿಗನ್ ಅಂಚಿಗೆ ತಾಗಿದ್ದರೆ ಗೆರೆ ಉಳಿಯಬಹುದು. ಹೀಗೆ ಬೆರಕೆಯಾದ ಪದರವನ್ನು ಶೇಪ್‌ಫೈಲ್ ಆಗಿ ಉಳಿಸಲು ಹೋದರೆ ಅದು ಒಪ್ಪುವುದಿಲ್ಲ, ಅದರಲ್ಲಿ ಒಂದು ಫೈಲ್‌ಗೆ ಒಂದೇ ಜಾತಿ. ಕೀಪ್_ಜಿಯಾಮ್_ಟೈಪ್ ಈ ಚೂರುಪಾರುಗಳನ್ನು ಗುಡಿಸಿಹಾಕುತ್ತದೆ.

ಬಳುಕುವ ಹೊಳೆ ಒಂದೇ ಅಂಚನ್ನು ಮೂರು ಸಲ ದಾಟಿದರೆ ಆಯತದೊಳಗೆ ಒಂದು ಗೆರೆ ಎರಡು ತುಂಡಾಗುತ್ತದೆ. ಆದರೆ ಟೇಬಲ್‌ನಲ್ಲಿ ಅದು ಇನ್ನೂ ಒಂದೇ ಸಾಲು, ಮಲ್ಟಿ ಅನ್ನುವ ಗುಂಪು ಆಕಾರವಾಗಿ. ತುಂಡಿಗೊಂದು ಸಾಲು ಬೇಕಿದ್ದರೆ ಎಕ್ಸ್‌ಪ್ಲೋಡ್ ಫಂಕ್ಷನ್ ಬಳಸಿ. ಇದನ್ನು ಮರೆತು ಸಾಲು ಎಣಿಸಿ 'ಇಷ್ಟು ಕೆರೆ ಇವೆ' ಅಂತ ವರದಿ ಬರೆಯುವವರಿದ್ದಾರೆ.

ನಡುಗಡ್ಡೆಗಳ ವಿಷಯ ಸ್ವಾರಸ್ಯವಾಗಿದೆ. ಆನೆಗೊಂದಿ ಹತ್ತಿರ ಹೊಳೆಯ ನಡುವೆ ನವಬೃಂದಾವನ ಇದೆಯಲ್ಲ, ಅಂಥ ಗಡ್ಡೆಗಳನ್ನು ನದಿಯ ಪಾಲಿಗನ್ ಒಳಗೆ ರಂಧ್ರವಾಗಿ ಇಟ್ಟಿರುತ್ತಾರೆ. ಪೂರ್ತಿ ಒಳಗಿರುವ ರಂಧ್ರ ಹಾಗೇ ಉಳಿಯುತ್ತದೆ. ಆಯತದ ಅಂಚು ರಂಧ್ರದ ಮೇಲೇ ಹಾದುಹೋದರೆ ಅದು ರಂಧ್ರವಾಗಿ ಉಳಿಯದೆ ಹೊರ ಅಂಚಿನ ಒಂದು ಕಚ್ಚಿನಂತೆ ಆಗುತ್ತದೆ. ಆಕಾರ ಸರಿಯೇ. ರಂಧ್ರ ಎಣಿಸಿ ಗಡ್ಡೆಗಳ ಲೆಕ್ಕ ಹೇಳುವ ಕೋಡ್ ಇದ್ದರೆ ಮಾತ್ರ ಅದಕ್ಕೆ ಒಂದು ಗಡ್ಡೆ ಕಡಿಮೆ ಸಿಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಸುಳ್ಳು ದಡ. ಕತ್ತರಿಸಿದ ನದಿ ಪಾಲಿಗನ್‌ಗೆ ನೀಲಿ ಅಂಚುಗೆರೆ ಕೊಟ್ಟು ನಕ್ಷೆ ಮಾಡಿ. ಆಯತದ ಅಂಚಿನಲ್ಲಿ ಹೊಳೆಗೆ ಅಡ್ಡಲಾಗಿ ಒಂದು ನೇರ ಗೆರೆ ಕಾಣುತ್ತದೆ, ಅಣೆಕಟ್ಟು ಕಟ್ಟಿದ ಹಾಗೆ. ಅದು ದಡ ಅಲ್ಲ, ನಮ್ಮ ಈಳಿಗೆಯ ಗಾಯ. ದಡದ ಉದ್ದ ಅಳೆದರೆ ಇದೂ ಸೇರಿಬಿಡುತ್ತದೆ. ಉದ್ದ ಬೇಕಿದ್ದರೆ ಮೊದಲು ಪಾಲಿಗನ್‌ನಿಂದ ಬೌಂಡರಿ ಗೆರೆ ತೆಗೆದು, ಆಮೇಲೆ ಆ ಗೆರೆಯನ್ನು ಕತ್ತರಿಸಿ. ನಕ್ಷೆ ಚೆನ್ನಾಗಿ ಕಾಣಬೇಕು ಅಷ್ಟೇ ಅನ್ನುವುದಾದರೆ ಆಯತವನ್ನು ಸುತ್ತಲೂ 0.005 ಡಿಗ್ರಿ, ಅಂದರೆ ಅರ್ಧ ಕಿಲೋಮೀಟರಿನಷ್ಟು ದೊಡ್ಡದಾಗಿ ಕತ್ತರಿಸಿ, ಮುದ್ರಿಸುವಾಗ ಒಳಗಿನದನ್ನು ಮಾತ್ರ ತೋರಿಸಿ. ಹೊಲಿಗೆಗೆ ಅಂತ ದರ್ಜಿ ಒಂದಿಂಚು ಬಟ್ಟೆ ಬಿಡುವುದಿಲ್ಲವೇ, ಹಾಗೆ.

6. ಉದ್ದ, ವಿಸ್ತೀರ್ಣ ಹೊಸದಾಗಿ ಅಳೆಯಿರಿ

ಕತ್ತರಿಸಿದಾಗ ಆಕಾರ ಬದಲಾಗುತ್ತದೆ, ಟೇಬಲ್‌ನ ಕಾಲಮ್‌ಗಳು ಬದಲಾಗುವುದಿಲ್ಲ. ಮೂಲ ಡೇಟಾದಲ್ಲಿ 'ಉದ್ದ' ಅನ್ನುವ ಕಾಲಮ್ ಇದ್ದು ರಸ್ತೆ 40 ಕಿಲೋಮೀಟರ್ ಅಂತಿದ್ದರೆ, ನಿಮ್ಮ ಆಯತದೊಳಗೆ ಎರಡೇ ಕಿಲೋಮೀಟರ್ ಉಳಿದರೂ ಕಾಲಮ್ 40 ಅಂತಲೇ ಹೇಳುತ್ತದೆ. ಒಮ್ಮೆ ನಾನೂ ಆ ಕಾಲಮ್ ಕೂಡಿಸಿ ಒಂದು ಪಟ್ಟಿ ಕಳಿಸಿದ್ದೆ. ಸಣ್ಣ ಹೋಬಳಿಯೊಂದರಲ್ಲಿ ಜಿಲ್ಲೆಗಾಗುವಷ್ಟು ರಸ್ತೆ ಬಂದಿತ್ತು. ಈಗ ಕತ್ತರಿಸಿದ ತಕ್ಷಣ ಹಳೆಯ ಅಳತೆ ಕಾಲಮ್‌ಗಳನ್ನು ಅಳಿಸಿಬಿಡುತ್ತೇನೆ.

ಅಳೆಯಲು ಮೀಟರ್ ಪದ್ಧತಿಗೆ ಹೋಗಬೇಕು:

ಅಳತೆಗೆ = ತುಂಡು.ಟು_ಸಿಆರ್‌ಎಸ್(32643)
ಅಳತೆಗೆ["ಹೆಕ್ಟೇರ್"] = ಅಳತೆಗೆ.ಏರಿಯಾ / 10000

ಡಿಗ್ರಿಯಲ್ಲೇ ಏರಿಯಾ ಕೇಳಿದರೆ 'ಚದರ ಡಿಗ್ರಿ' ಅನ್ನುವ ಅರ್ಥವಿಲ್ಲದ ಸಣ್ಣ ಸಂಖ್ಯೆ ಬರುತ್ತದೆ. ವೆಬ್ ನಕ್ಷೆಗಳು ಬಳಸುವ 3857 ಪದ್ಧತಿಯೂ ಮೀಟರ್ ಅಂತಲೇ ಹೇಳಿಕೊಳ್ಳುತ್ತದೆ, ನಂಬಬೇಡಿ. ಹಂಪಿಯ ಅಕ್ಷಾಂಶದಲ್ಲಿ ಅದು ಉದ್ದವನ್ನು ಶೇಕಡಾ 3.7ರಷ್ಟು, ವಿಸ್ತೀರ್ಣವನ್ನು ಶೇಕಡಾ 7.5ರಷ್ಟು ಹಿಗ್ಗಿಸುತ್ತದೆ. ಆಯತವನ್ನೇ ಒಮ್ಮೆ ಅಳೆದು ನೋಡಿ, ಮೊದಲು ಹೇಳಿದ 83 ಚದರ ಕಿಲೋಮೀಟರಿನ ಹತ್ತಿರ ಬರಬೇಕು. ಬರದಿದ್ದರೆ ಪದ್ಧತಿ ತಪ್ಪಿದೆ.

43ನೇ ವಲಯ ಇರುವುದು 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಬೆಂಗಳೂರು ಒಳಗೆ ಬರುತ್ತದೆ. ಕೋಲಾರ, ಮುಳಬಾಗಿಲು 78 ದಾಟಿವೆ, ಅಲ್ಲಿಯವರು 44ನೇ ವಲಯದ 32644 ಬಳಸಿ.

ಇನ್ನೊಂದು ಸೂಕ್ಷ್ಮ. ಡಿಗ್ರಿಯಲ್ಲಿ ಎಳೆದ ಆಯತ ಯುಟಿಎಂಗೆ ಬಂದಾಗ ನೆಟ್ಟಗೆ ಕೂರುವುದಿಲ್ಲ. ಹಂಪಿಯಲ್ಲಿ ಸುಮಾರು 0.4 ಡಿಗ್ರಿ ವಾಲುತ್ತದೆ. ಕಡಿಮೆ ಅನಿಸಬಹುದು, ಆದರೆ 10.7 ಕಿಲೋಮೀಟರ್ ಅಗಲಕ್ಕೆ ಈ ತುದಿಗೂ ಆ ತುದಿಗೂ 70 ಮೀಟರಿಗಿಂತ ಜಾಸ್ತಿ ಏರುಪೇರು. ಹಾಗಾಗಿ ಡಿಗ್ರಿಯ ಆಯತವನ್ನು ಯುಟಿಎಂಗೆ ಬದಲಿಸಿ, ಅದರ ಟೋಟಲ್_ಬೌಂಡ್ಸ್ ತೆಗೆದು, ಅದೇ ನಮ್ಮ ಆಯತ ಅಂದುಕೊಂಡರೆ ಸುತ್ತ ಜಾಸ್ತಿ ಜಾಗ ಸೇರಿಕೊಳ್ಳುತ್ತದೆ. ಯಾವ ಪದ್ಧತಿಯಲ್ಲಿ ಆಯತ ಎಳೆದಿರೋ ಅದರಲ್ಲೇ ಕತ್ತರಿಸಿ, ಆಮೇಲೆ ಬದಲಿಸಿ. ರಾಜ್ಯದಷ್ಟು ದೊಡ್ಡ ಆಯತವನ್ನೇ ಬದಲಿಸಬೇಕಾಗಿ ಬಂದರೆ ಮೊದಲು ಸೆಗ್ಮೆಂಟೈಜ್ ಫಂಕ್ಷನ್‌ನಿಂದ ಅಂಚಿನುದ್ದಕ್ಕೂ ಬಿಂದುಗಳನ್ನು ತುಂಬಿ.

7. ಉಳಿಸಿ

ತುಂಡು.ಟು_ಫೈಲ್("ಹಂಪಿ.ಜಿಪಿಕೆಜಿ", ಲೇಯರ್="ನೀರು")

ಜಿಪಿಕೆಜಿ ಅಂದರೆ ಜಿಯೋಪ್ಯಾಕೇಜ್. ಎಲ್ಲ ಒಂದೇ ಫೈಲ್‌ನಲ್ಲಿ, ಹಲವು ಪದರ ಇಡಬಹುದು. ಯಾರೋ ಕೇಳಿದರು ಅಂತ ಶೇಪ್‌ಫೈಲ್ ಕೊಡಲೇಬೇಕಾದರೆ ಕನ್ನಡದವರಿಗೆ ಒಂದು ಮಾತು. ಅದರಲ್ಲಿ ಒಂದು ಪಠ್ಯ ಕಾಲಮ್‌ಗೆ 254 ಬೈಟ್ ಮಾತ್ರ ಜಾಗ, ಕಾಲಮ್ ಹೆಸರಿಗೆ ಹತ್ತೇ ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, ಕೊಂಬು, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. 'ತುಂಗಭದ್ರಾ' ಒಂದಕ್ಕೇ 27 ಬೈಟ್! ಕಾಲಮ್‌ಗೆ ಕನ್ನಡ ಹೆಸರಿಟ್ಟರೆ ಮೂರು ಚಿಹ್ನೆಗೇ ಮುಗಿಯಿತು. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಡಿ, ಜೊತೆಗೆ ಬರುವ, ಯಾವ ಎನ್‌ಕೋಡಿಂಗ್ ಅಂತ ಹೇಳುವ ಸಿಪಿಜಿ ಫೈಲ್ ಅಳಿಸಬೇಡಿ. ಅದು ಕಳೆದುಹೋದರೆ ಊರ ಹೆಸರೆಲ್ಲ ಗೀಚಿದ ಹಾಗೆ ಕಾಣುತ್ತವೆ.

ನಕ್ಷೆಯನ್ನು ಎಲ್ಲಾದರೂ ಪ್ರಕಟಿಸಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಹಾಕುವುದು ಕಡ್ಡಾಯ, ಆ ಡೇಟಾದ ಲೈಸೆನ್ಸ್ ಅದನ್ನು ಕೇಳುತ್ತದೆ.

ಪೈಥಾನ್ ಬೇಡ ಅನ್ನುವವರಿಗೆ

ಜಿಡಾಲ್ ಅನ್ನುವ ನಕ್ಷೆ ಡೇಟಾ ಸಾಧನಗಳ ಕಟ್ಟು ಹಾಕಿಕೊಂಡರೆ ಓಜಿಆರ್2ಓಜಿಆರ್ ಅನ್ನುವ ಕಮಾಂಡ್ ಸಿಗುತ್ತದೆ, ಒಂದೇ ಸಾಲಿನಲ್ಲಿ ಇಷ್ಟೂ ಕೆಲಸ. ಅಲ್ಲೂ ಜರಡಿ ಬೇರೆ, ಈಳಿಗೆ ಬೇರೆ. ಸ್ಪ್ಯಾಟ್ ಅನ್ನುವ ಆಯ್ಕೆ ಜರಡಿ, ಕ್ಲಿಪ್‌ಎಸ್‌ಆರ್‌ಸಿ ಈಳಿಗೆ. ಎರಡಕ್ಕೂ ಅದೇ ನಾಲ್ಕು ಸಂಖ್ಯೆ, ಅದೇ ಕ್ರಮ, ನಡುವೆ ಅಲ್ಪವಿರಾಮ ಇಲ್ಲದೆ ಜಾಗ ಬಿಟ್ಟು. ಹುಷಾರಾಗಿರಬೇಕಾದ್ದು ಫೈಲ್ ಹೆಸರುಗಳ ಬಗ್ಗೆ. ಮೊದಲು ಬರೆಯಬೇಕಾದ್ದು ಹೊಸ ಫೈಲ್, ಆಮೇಲೆ ಮೂಲ ಫೈಲ್. ಉಳಿದ ಕಮಾಂಡ್‌ಗಳ ರೂಢಿಯಲ್ಲಿ ಬೆರಳು ತಾನಾಗಿಯೇ ಉಲ್ಟಾ ಹೊಡೆಯುತ್ತದೆ, ಅದಕ್ಕೇ ಮೂಲ ಫೈಲ್‌ನ ಒಂದು ಪ್ರತಿ ಬೇರೆ ಕಡೆ ಇರಲಿ.

ಪಕ್ಕಪಕ್ಕದ ಆಯತಗಳು

ದೊಡ್ಡ ಪ್ರದೇಶವನ್ನು ಒಂದರ ಪಕ್ಕ ಒಂದು ಆಯತ ಇಟ್ಟು ಕತ್ತರಿಸುವವರು ಬಿಂದುಗಳ ಬಗ್ಗೆ ಜಾಗ್ರತೆ. ಸರಿಯಾಗಿ 76.52ರ ಗೆರೆ ಮೇಲೆ ಕೂತ ಬಿಂದು ಎರಡೂ ಆಯತಗಳಲ್ಲಿ ಬರುತ್ತದೆ, ಎಣಿಸಿದರೆ ಒಂದು ಜಾಸ್ತಿ. ಬಿಂದುಗಳಿಗೆ ಕ್ಲಿಪ್ ಬಿಟ್ಟು, ಎಕ್ಸ್ (ರೇಖಾಂಶ) ಬೆಲೆ ಪಶ್ಚಿಮದ ಅಂಚಿಗೆ ಸಮ ಅಥವಾ ಹೆಚ್ಚು, ಪೂರ್ವದ ಅಂಚಿಗಿಂತ ಕಡಿಮೆ ಅನ್ನುವ ನಿಯಮ ಹಾಕಿ. ವೈಗೂ ಹಾಗೇ. ಆಗ ಒಂದು ಬಿಂದು ಒಂದೇ ಮನೆಗೆ ಹೋಗುತ್ತದೆ. ಗೆರೆ, ಪಾಲಿಗನ್‌ಗಳನ್ನು ಮತ್ತೆ ಜೋಡಿಸಬೇಕಾದಾಗ ಓಎಸ್‌ಎಂ_ಐಡಿ (ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿ ವಸ್ತುವಿಗೆ ಕೊಡುವ ನಂಬರ್) ಕಾಲಮ್ ಇಟ್ಟುಕೊಂಡು ಡಿಸಾಲ್ವ್ ಮಾಡಿದರೆ ಒಂದೇ ಐಡಿಯ ತುಂಡುಗಳು ಕೂಡಿಕೊಳ್ಳುತ್ತವೆ. ಹಾಗಾಗಿ ಕಾಲಮ್‌ಗಳನ್ನು ಕಡಿಮೆ ಮಾಡುವಾಗ ಆ ಒಂದನ್ನು ಮಾತ್ರ ಬಿಡಬೇಡಿ. ಸಾಲುಗಳ ಕ್ರಮ ನಂಬಿಕೊಂಡು ಜೋಡಿಸಲು ಹೋಗಬೇಡಿ, ಕ್ಲಿಪ್ ಆದ ಮೇಲೆ ಅದು ಮೊದಲಿನ ಹಾಗೇ ಇರಬೇಕೆಂದಿಲ್ಲ.